ಎಡಗೈ ಮೌಸು ಎಡಕ್ಕೇ ಉಳಿಯಬೇಕು

ಎಡಗೈಯಲ್ಲಿ ಮೌಸ್ ಹಿಡಿಯುವವರಿಗೆ ಈ ಕಾಟ ಗೊತ್ತಿರುತ್ತದೆ. ಸಂಜೆ ಹೋಗುವಾಗ ಎಲ್ಲ ಸರಿ ಇರುತ್ತದೆ. ಬೆಳಿಗ್ಗೆ ಬಂದು ಕಂಪ್ಯೂಟರ್ ಆನ್ ಮಾಡಿ ತೋರುಬೆರಳಲ್ಲಿ ಒತ್ತಿದರೆ ಫೈಲು ತೆರೆಯುವುದಿಲ್ಲ, ಮೆನು ಬೀಳುತ್ತದೆ. ಕಟ್, ಕಾಪಿ, ಡಿಲೀಟ್ ಅಂತ ಉದ್ದದ ಪಟ್ಟಿ. ಬಟನ್ನುಗಳು ಮತ್ತೆ ಬಲಗೈಯವರ ಲೆಕ್ಕಕ್ಕೆ ತಿರುಗಿವೆ ಅಂತ ಅರ್ಥ. ಸೆಟ್ಟಿಂಗಿಗೆ ಹೋಗಿ ಬದಲಾಯಿಸಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ನನಗೆ ದೊಡ್ಡದಲ್ಲ. ಆದರೆ ಪದೇ ಪದೇ ಹೀಗಾದಾಗ ಕೈಗೆ ಅನುಮಾನ ಶುರುವಾಗುತ್ತದೆ. ಪ್ರತಿ ಕ್ಲಿಕ್ಕಿಗೂ ಮೊದಲು ಒಂದು ಕ್ಷಣ ನಿಲ್ಲುತ್ತದೆ, ಈಗ ಯಾವುದು ಯಾವುದು ಅಂತ. ಬೆರಳಿನ ಪಾಡಿಗೆ ನಡೆಯಬೇಕಾದ ಕೆಲಸ ತಲೆಗೆ ಬರುತ್ತದೆ. ದಿನವಿಡೀ ಲೆಕ್ಕ ಹೊಡೆಯುವವರಿಗೆ ಆ ದಣಿವು ಸಣ್ಣದಲ್ಲ.

ನಾನು ಶಿರಸಿಯಲ್ಲಿ ಅಡಿಕೆ ವ್ಯವಹಾರದ ಒಂದು ಕಚೇರಿಯಲ್ಲಿ ಬಿಲ್ಲಿಂಗ್ ನೋಡುತ್ತೇನೆ. ಸೀಸನ್ನಿನಲ್ಲಿ ಕೌಂಟರ್ ಮುಂದೆ ಜನ ನಿಂತೇ ಇರುತ್ತಾರೆ. ಸಿದ್ದಾಪುರದ ಕಡೆಯಿಂದ, ಯಲ್ಲಾಪುರದ ಕಡೆಯಿಂದ ಬೆಳಿಗ್ಗೆಯೇ ಬಂದವರಿಗೆ ಮಧ್ಯಾಹ್ನದ ಬಸ್ಸು ಹಿಡಿಯುವ ಅವಸರ. ಚಾಲಿ ಎಷ್ಟು, ರಾಶಿ ಎಷ್ಟು, ಬೆಟ್ಟೆ ಎಷ್ಟು, ಕೆಂಪುಗೋಟು ಎಷ್ಟು, ಅಡಿಕೆಯ ಒಂದೊಂದು ಬಗೆಗೂ ಬೇರೆ ಸಾಲು, ಬೇರೆ ದರ. ಸಾಲಿನ ಮೇಲೆ ಒತ್ತಿದರೆ ತಿದ್ದುವುದಕ್ಕೆ ತೆರೆಯಬೇಕು. ಅದರ ಬದಲು ಮೆನು ಬಂದರೆ ಅದರಲ್ಲಿ ಸಾಲು ಅಳಿಸುವ ಆಯ್ಕೆಯೂ ಇರುತ್ತದೆ, ಬೆರಳು ಇನ್ನೊಮ್ಮೆ ಒತ್ತಲು ತಯಾರಾಗಿಯೂ ಇರುತ್ತದೆ. ಎದುರಿಗೆ ನಿಂತವರ ಒಂದು ವರ್ಷದ ಬೆಳೆ ಆ ಸಾಲಿನಲ್ಲಿದೆ. ಅಲ್ಲಿ ನನ್ನ ಕೈ ತಡವರಿಸಬಾರದು.

ಮಳೆಗಾಲದಲ್ಲಿ ಇದು ಇನ್ನೂ ಜಾಸ್ತಿ. ನಮ್ಮ ಕಡೆ ಆಷಾಢದ ಗಾಳಿಗೆ ಎಲ್ಲೋ ಒಂದು ಮರ ಬಿದ್ದರೆ ಲೈನು ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ಕೂಗುತ್ತದೆ, ಆಮೇಲೆ ಎಲ್ಲ ಬಂದ್. ಕರೆಂಟು ಬಂದು ಕಂಪ್ಯೂಟರ್ ಮತ್ತೆ ಎದ್ದಾಗೆಲ್ಲ ಬಟನ್ನು ಬಲಕ್ಕೆ. ಯಾರೂ ಮುಟ್ಟಿಲ್ಲ, ನಾನೇ ಎದುರಿಗೆ ಕೂತಿದ್ದೇನೆ, ಆದರೂ ತಿರುಗಿದೆ. ಇದು ಜನರು ಮಾಡುತ್ತಿರುವುದಲ್ಲ, ಯಂತ್ರದ ಒಳಗೇ ಏನೋ ಇದನ್ನು ಹಿಂದಕ್ಕೆ ತಿರುಗಿಸುತ್ತಿದೆ ಅಂತ ನನಗೆ ಗಟ್ಟಿಯಾಗಿದ್ದು ಹಾಗೆ ಒಂದು ಮಧ್ಯಾಹ್ನ.

"ಬಲಗೈಯಲ್ಲೇ ಕಲಿತುಬಿಡಿ ಮೇಡಂ, ಎಷ್ಟೋ ಎಡಚರು ಬಲಗೈಯಲ್ಲೇ ಮೌಸ್ ಹಿಡಿಯುತ್ತಾರೆ" ಅಂತ ತುಂಬ ಜನ ಹೇಳಿದ್ದಾರೆ. ಮಾತು ನಿಜ. ಎಡಗೈಯಲ್ಲಿ ಪೆನ್ನು ಹಿಡಿದು ಬಲಗೈಯಲ್ಲಿ ಮೌಸ್ ಆಡಿಸುವವರಿದ್ದಾರೆ, ಬರೆದುಕೊಳ್ಳುತ್ತಲೇ ನೋಡುವ ಕೆಲಸಕ್ಕೆ ಅದು ಬಹಳ ಅನುಕೂಲ. ಇನ್ನು ಕೆಲವರು ಮೌಸನ್ನು ಎಡಕ್ಕೆ ತಂದುಕೊಳ್ಳುತ್ತಾರೆ, ಬಟನ್ನು ಮಾತ್ರ ಬದಲಾಯಿಸುವುದಿಲ್ಲ, ನಡುಬೆರಳಲ್ಲಿ ಒತ್ತುತ್ತಾರೆ. ಅವರು ಯಾವ ಕಂಪ್ಯೂಟರಿನ ಮುಂದೆ ಕೂತರೂ ಕೆಲಸ ನಡೆಯುತ್ತದೆ. ಮೊದಲಿಂದ ಹಾಗೆ ರೂಢಿಯಾಗಿದ್ದರೆ ಅದನ್ನು ಬಿಡಬೇಡಿ ಅಂತಲೇ ನಾನೂ ಹೇಳುತ್ತೇನೆ. ಆದರೆ ಬಿಲ್ಲಿಂಗಿಗೆ ನನ್ನ ಕ್ರಮವೇ ಸರಿ ಅನ್ನುವುದಕ್ಕೆ ನನ್ನ ಹತ್ತಿರ ಕಾರಣ ಇದೆ. ಕೀಬೋರ್ಡಿನ ಅಂಕಿಗಳ ಭಾಗ ಇರುವುದು ಬಲಕ್ಕೆ. ಬಲಗೈ ಅಲ್ಲೇ ಕೂತು ತೂಕ, ದರ ಹೊಡೆಯುತ್ತಿರುತ್ತದೆ, ಎಡಗೈ ಸಾಲಿನಿಂದ ಸಾಲಿಗೆ ಹೋಗುತ್ತಿರುತ್ತದೆ. ಎರಡೂ ಕೈ ಜಾಗ ಬಿಟ್ಟು ಏಳುವುದಿಲ್ಲ. ಬಲಗೈಯವರು ಮಾತ್ರ ಅಂಕಿ ಹೊಡೆದು, ಕೈ ಎತ್ತಿ ಮೌಸಿಗೆ ಹೋಗಿ, ಮತ್ತೆ ಅಂಕಿಗೆ ಬರಬೇಕು. ಅದೂ ಅಲ್ಲದೆ ಆ ಅಂಕಿಯ ಭಾಗದ ಆಚೆ ಮೌಸು ಇರುವುದರಿಂದ ಅವರ ತೋಳು ದಿನವಿಡೀ ಹೊರಕ್ಕೆ ಚಾಚಿಕೊಂಡೇ ಇರುತ್ತದೆ. ಕಾಪಿ, ಪೇಸ್ಟ್ ಮಾಡಲು ಎಡಗೈ ಖಾಲಿ ಇಲ್ಲವಲ್ಲ ಅಂತ ಕೇಳಬಹುದು. ಬಲಗಡೆಯ ಕಂಟ್ರೋಲ್ ಜೊತೆ ಇನ್ಸರ್ಟ್ ಒತ್ತಿದರೆ ಕಾಪಿ, ಶಿಫ್ಟ್ ಜೊತೆ ಇನ್ಸರ್ಟ್ ಒತ್ತಿದರೆ ಪೇಸ್ಟ್. ವಿಂಡೋಸಿನಲ್ಲಿ ಬಹಳ ಹಿಂದಿನಿಂದಲೂ ಇದೆ.

ಮುಂದಿನ ಬ್ಯಾಚಿನವರು

ನಾನು ಮೌಸ್ ಹಿಡಿದಿದ್ದು ಶಿರಸಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ, ವಿಂಡೋಸ್ 98 ಇದ್ದ ಕಾಲ. ಮಾಳಿಗೆಯ ಮೇಲೆ ಸಣ್ಣ ಕೋಣೆ, ಚಪ್ಪಲಿ ಹೊರಗೆ, ಕಿಟಕಿಗೆ ದಪ್ಪ ಪರದೆ, ಪ್ರತಿ ಮಾನಿಟರಿಗೂ ಬಟ್ಟೆಯ ಹೊದಿಕೆ. ಮೌಸಿನ ಹೊಟ್ಟೆಯಲ್ಲಿ ರಬ್ಬರ್ ಗುಂಡು, ಅದಕ್ಕೆ ಧೂಳು ಕಟ್ಟಿದರೆ ತೆಗೆದು ಉಜ್ಜಬೇಕು. ಮೇಜಿಗೆ ಬಲಗಡೆ ಒಂದು ತೂತು, ಮೌಸಿನ ವೈರು ಅಲ್ಲಿಂದ ಬರುತ್ತಿತ್ತು. ನಾನು ಮೌಸನ್ನು ಎಡಕ್ಕೆ ಎಳೆದರೆ ವೈರು ಕೀಬೋರ್ಡಿನ ಮೇಲೆ ಅಡ್ಡ ಬರುತ್ತಿತ್ತು. ಮಾಸ್ತರು ಬಂದರು, ಏನೂ ಬೈಯಲಿಲ್ಲ, ಮೌಸನ್ನು ಎತ್ತಿ ಬಲಕ್ಕೆ ಇಟ್ಟರು. "ತಂಗೀ, ಮೌಸು ಈ ಕಡೆ." ಅವರು ಆಚೆ ಹೋದ ಮೇಲೆ ನಾನು ಎಡಕ್ಕೆ ಇಟ್ಟೆ. ಮತ್ತೆ ಬಂದರು. ಆಗ ನಾನು ನೋಟ್‌ಬುಕ್ ತೆಗೆದು ಎಡಗೈಯಲ್ಲಿ ನನ್ನ ಹೆಸರು ಬರೆದು ತೋರಿಸಿದೆ. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು.

ಆಮೇಲೆ ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಕಂಟ್ರೋಲ್ ಪ್ಯಾನೆಲ್ ತೆರೆದರು. ಅಲ್ಲಿ ಮೌಸಿನ ಚಿತ್ರ, ಪಕ್ಕದಲ್ಲಿ ರೈಟ್ ಹ್ಯಾಂಡೆಡ್, ಲೆಫ್ಟ್ ಹ್ಯಾಂಡೆಡ್ ಅಂತ ಎರಡು ಗುಂಡಿ. ಎರಡನೆಯದನ್ನು ಒತ್ತಿದಾಗ ಚಿತ್ರದಲ್ಲಿದ್ದ ಮೌಸಿನ ಬಟನ್ ಬಣ್ಣ ಆಚೆಯಿಂದ ಈಚೆಗೆ ಬಂತು. ಅವತ್ತು ನನಗಾದ ಸಂತೋಷ ಈಗಲೂ ನೆನಪಿದೆ. ಯಾರೋ ಎಲ್ಲೋ ಕೂತು ಇದನ್ನು ತಯಾರು ಮಾಡುವಾಗ ಎಡಗೈಯವರೂ ಇರುತ್ತಾರೆ ಅಂತ ಯೋಚಿಸಿದ್ದರು. ಮನೆಯಲ್ಲಿ ಊಟ ಬಲಗೈಯಲ್ಲಿ, ಬಡಿಸುವುದು ಬಲಗೈಯಲ್ಲಿ, ಪ್ರಸಾದಕ್ಕೆ ಚಾಚುವುದು ಬಲಗೈ. ಅದನ್ನೆಲ್ಲ ಕಲಿತೆ, ಅದರ ಬಗ್ಗೆ ಬೇಸರವಿಲ್ಲ. ಬರವಣಿಗೆಗೆ ಮಾತ್ರ ಆಯಿ "ಅದು ನಿಂದು, ಅಡ್ಡಿಲ್ಲೆ" ಅಂತ ಬಿಟ್ಟಿದ್ದಳು. ಬರವಣಿಗೆಯ ನಂತರ ನನ್ನ ಕೈಯನ್ನು ಇದ್ದ ಹಾಗೇ ಒಪ್ಪಿದ್ದು ಕಂಪ್ಯೂಟರಿನ ಆ ಕಿಟಕಿಯೊಳಗಿನ ಎರಡನೇ ಗುಂಡಿ.

ಆದರೆ ಕ್ಲಾಸು ಮುಗಿಯುವ ಹೊತ್ತಿಗೆ ಮಾಸ್ತರು ಬಂದು ಅದನ್ನು ವಾಪಸ್ ಮಾಡಿದರು. "ಮುಂದಿನ ಬ್ಯಾಚಿನವರು ಬಂದು ಮೌಸು ಕೆಟ್ಟಿದೆ ಅಂತ ನನ್ನ ಕರೀತಾರೆ" ಅಂದರು. ಅವತ್ತಿಂದ ಅದೇ ಕ್ರಮ ಆಯಿತು. ಬಂದ ಕೂಡಲೇ ಬದಲಾಯಿಸುವುದು, ಏಳುವಾಗ ವಾಪಸ್ ಮಾಡುವುದು. ಬಟನ್ ಯಾವ ಕಡೆ ಇದ್ದರೂ ತೊಂದರೆಯಾಗದ ಹಾಗೆ ಕೀಬೋರ್ಡಿನಿಂದಲೇ ಅಲ್ಲಿಗೆ ಹೋಗುವುದನ್ನು ಅವರು ಕಲಿಸಿಕೊಟ್ಟರು. ಆ ವಿದ್ಯೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಮೇನ್ ಡಾಟ್ ಸಿಪಿಎಲ್ (main.cpl) ಅಂತ ಟೈಪ್ ಮಾಡಿ ಎಂಟರ್ ಹೊಡೆದರೆ ಮೌಸ್ ಸೆಟ್ಟಿಂಗಿನ ಹಳೆಯ ಕಿಟಕಿ ನೇರವಾಗಿ ತೆರೆಯುತ್ತದೆ. ಈಗಿನ ವಿಂಡೋಸ್ 11ರಲ್ಲೂ.

ಮಾಸ್ತರು ಮಾಡಿದ್ದು ಸರಿಯೇ ಇತ್ತು. ವಿಂಡೋಸ್ 98 ಸುಮ್ನೆ ಹಾಕಿಕೊಂಡರೆ ಎಲ್ಲರಿಗೂ ಸೇರಿ ಒಂದೇ ಸೆಟ್ಟಿಂಗು. ಒಬ್ಬೊಬ್ಬರಿಗೆ ಅವರವರ ಸೆಟ್ಟಿಂಗು ಇಡುವ ಬೇರೆ ಪ್ರೊಫೈಲ್ ಬೇಕು ಅಂದರೆ ಅದನ್ನು ಬೇರೆಯಾಗಿ ಚಾಲೂ ಮಾಡಬೇಕಿತ್ತು, ಹೆಚ್ಚಿನ ಕಡೆ ಯಾರೂ ಮಾಡುತ್ತಿರಲಿಲ್ಲ. ಇರುವ ಒಂದೇ ಜಾಗದಲ್ಲಿ ಇಬ್ಬರನ್ನು ಕೂರಿಸಬೇಕಾದರೆ ಒಬ್ಬರು ಎದ್ದ ಮೇಲೇ ಇನ್ನೊಬ್ಬರು ಕೂರಬೇಕು. ಈಗ ಹಾಗಿಲ್ಲ. ಈಗಿನ ವಿಂಡೋಸಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಜಾಗ ಇದೆ. ಆದರೂ ಕಚೇರಿಗಳಲ್ಲಿ, ಲ್ಯಾಬುಗಳಲ್ಲಿ, ಮನೆಗಳಲ್ಲಿ ನಾವು 98ರ ಕಾಲದ ಹಾಗೆಯೇ ಎಲ್ಲರೂ ಒಂದೇ ಹೆಸರಿನಲ್ಲಿ ಒಳಗೆ ಹೋಗುತ್ತೇವೆ. ಆಮೇಲೆ ಎಡಗೈಯವರಿಗೆ ಹೇಳುತ್ತೇವೆ, ಎಲ್ಲರಿಗೂ ತೊಂದರೆಯಾಗುತ್ತದೆ ಬದಲಾಯಿಸಬೇಡಿ ಅಂತ. ನನ್ನ ತಕರಾರು ಇರುವುದು ಇಲ್ಲಿ.

ಎಲ್ಲಿ ಬರೆದಿಡುತ್ತದೆ

ಸೆಟ್ಟಿಂಗು ಯಾಕೆ ಉಳಿಯುವುದಿಲ್ಲ ಅಂತ ಹುಡುಕುವುದಕ್ಕೆ ಮೊದಲು ಅದು ಎಲ್ಲಿ ಉಳಿಯಬೇಕಿತ್ತು ಅಂತ ಗೊತ್ತಿರಬೇಕು. ಮೌಸ್ ಸೆಟ್ಟಿಂಗಿನಲ್ಲಿ ಪ್ರೈಮರಿ ಬಟನ್ ಅಂತ ಇದೆಯಲ್ಲ, ಎಡಗೈಯವರು ಅಲ್ಲಿ ರೈಟ್ ಅಂತ ಆರಿಸಬೇಕು. ಹಾಗೆ ಆರಿಸಿದಾಗ ವಿಂಡೋಸ್ ಅದನ್ನು ರಿಜಿಸ್ಟ್ರಿಯಲ್ಲಿ, ಅಂದರೆ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ಕಡತದಲ್ಲಿ, ಬರೆದಿಡುತ್ತದೆ. ಎಚ್‌ಕೀ ಕರೆಂಟ್ ಯೂಸರ್, ಅದರೊಳಗೆ ಕಂಟ್ರೋಲ್ ಪ್ಯಾನೆಲ್, ಅದರೊಳಗೆ ಮೌಸ್, ಅಲ್ಲಿ ಸ್ವಾಪ್‌ಮೌಸ್‌ಬಟನ್ಸ್ ಅಂತ ಒಂದು ಹೆಸರು. ಅದರ ಎದುರು 0 ಇದ್ದರೆ ಬಲಗೈ, 1 ಇದ್ದರೆ ಎಡಗೈ. ಇಷ್ಟೇ. ಕರೆಂಟ್ ಯೂಸರ್ ಅಡಿಯಲ್ಲಿ ಇರುವುದರಿಂದ ಅದು ಕಂಪ್ಯೂಟರಿಗೆ ಸೇರಿದ್ದಲ್ಲ, ಮೌಸಿಗೂ ಸೇರಿದ್ದಲ್ಲ, ಲಾಗಿನ್ ಆದ ಅಕೌಂಟಿಗೆ ಸೇರಿದ್ದು. ಹೊಸ ಮೌಸ್ ತಂದು ಚುಚ್ಚಿದರೂ ಅದು ಉಳಿಯಬೇಕು, ಅದೇ ಕಂಪ್ಯೂಟರಿನಲ್ಲಿ ಬೇರೆ ಅಕೌಂಟಿಗೆ ಹೋದರೆ ಅಲ್ಲಿ ಅದು ಇರಬಾರದು.

ಲಾಗಿನ್ ಆಗುವ ಮೊದಲು ಬರುವ ಪರದೆಯಲ್ಲಿ ಬಟನ್ ಯಾವಾಗಲೂ ಬಲಗೈಯದೇ ಇರುವುದು ಯಾಕೆ ಅಂತ ಇದರಿಂದ ತಿಳಿಯುತ್ತದೆ. ಅಲ್ಲಿ ಇನ್ನೂ ಯಾರೂ ಒಳಗೆ ಬಂದಿಲ್ಲ. ಆ ಪರದೆಗೆ ಬೇರೆಯೇ ಒಂದು ಜಾಗ ಇದೆ, ಎಚ್‌ಕೀ ಯೂಸರ್ಸ್ ಒಳಗೆ ಡಾಟ್ ಡೀಫಾಲ್ಟ್ ಅಂತ. ಅಡ್ಮಿನ್ ಅಧಿಕಾರ ಇದ್ದರೆ ಅಲ್ಲಿಯೂ ಅದೇ ಹೆಸರಿನ ಎದುರು 1 ಬರೆಯಬಹುದು. ನಿಮ್ಮೊಬ್ಬರದೇ ಕಂಪ್ಯೂಟರ್ ಆದರೆ ಧಾರಾಳವಾಗಿ ಮಾಡಿ. ಹಂಚಿಕೊಳ್ಳುವ ಕಂಪ್ಯೂಟರಿನಲ್ಲಿ ಅದನ್ನು ಮುಟ್ಟದೆ ಬಿಡುವುದು ಒಳ್ಳೆಯದು, ಅಲ್ಲಿ ಪಿನ್ ಹೊಡೆದು ಎಂಟರ್ ಒತ್ತಿದರೆ ಮೌಸೇ ಬೇಡ.

ಬಟನ್ ತಾನಾಗಿ ತಿರುಗುತ್ತಿದ್ದರೆ ಮೊದಲು ಮಾಡಬೇಕಾದ್ದು ಒಂದೇ. ಎಡಗೈಗೆ ಹೊಂದಿಸಿ, ಸರಿಯಾಗಿ ರೀಸ್ಟಾರ್ಟ್ ಮಾಡಿ, ಬೇರೆ ಯಾರೂ ಮುಟ್ಟುವ ಮೊದಲು, ನೀವೂ ಸೆಟ್ಟಿಂಗ್ ಮುಟ್ಟದೆ, ರಿಜಿಸ್ಟ್ರಿಯಲ್ಲಿ ಆ ಅಂಕಿ ನೋಡಿ. ನೋಡಿದರೆ ಸಾಕು, ತಿದ್ದಬೇಡಿ. ಅಲ್ಲಿ 1 ಇದ್ದೂ ಬಟನ್ ಬಲಗೈಯ ಹಾಗೆ ನಡೆಯುತ್ತಿದ್ದರೆ ವಿಂಡೋಸ್ ನಿಮ್ಮ ಮಾತು ಮರೆತಿಲ್ಲ, ಅದರ ನಂತರ ಬಂದ ಇನ್ಯಾವುದೋ ಪ್ರೋಗ್ರಾಮು ಅದನ್ನು ಬದಲಾಯಿಸಿದೆ. 0 ಇದ್ದರೆ ಯಾರೋ ಆ ಜಾಗಕ್ಕೇ ಹೋಗಿ ಹೊಸದಾಗಿ ಬರೆದಿದ್ದಾರೆ, ಇಲ್ಲವೇ ನೀವು ಬರೆದ ಪುಟವೇ ಉಳಿದಿಲ್ಲ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ, ಯಾಕೆಂದರೆ ಎರಡಕ್ಕೂ ಔಷಧಿ ಬೇರೆ.

ಪುಟವೇ ಉಳಿಯದಿರುವುದು ನಮ್ಮ ಕಡೆ ನಡೆಯುವಂಥದ್ದೇ. ಕಂಪ್ಯೂಟರ್ ನಡೆಯುತ್ತಿರುವಾಗಲೇ ಕರೆಂಟು ಹೋಗಿ ಹೋಗಿ ಪ್ರೊಫೈಲಿನ ಫೈಲು ಕೆಟ್ಟರೆ ವಿಂಡೋಸ್ ನಿಮ್ಮನ್ನು ತಾತ್ಕಾಲಿಕ ಪ್ರೊಫೈಲಿನಲ್ಲಿ ಒಳಗೆ ಬಿಡುತ್ತದೆ. ಹೊರಗೆ ಬಂದಾಗ ಅದನ್ನು ಅಳಿಸಿಹಾಕುತ್ತದೆ. ಆಗ ಮೌಸು ಮಾತ್ರ ಅಲ್ಲ, ಡೆಸ್ಕ್‌ಟಾಪಿನ ಫೈಲುಗಳು ಕಾಣುವುದಿಲ್ಲ, ವಾಲ್‌ಪೇಪರ್ ಬೇರೆ ಇರುತ್ತದೆ. ಹಾಗೆ ಕಂಡರೆ ಅದರಲ್ಲಿ ಕೂತು ಕೆಲಸ ಮಾಡಬೇಡಿ, ಉಳಿಸಿದ ಫೈಲೂ ಹೋಗುತ್ತದೆ. ಮೊದಲು ಪ್ರೊಫೈಲ್ ಸರಿ ಮಾಡಿಸಿ. ದೊಡ್ಡ ಕಚೇರಿಗಳಲ್ಲಿ ಸರ್ವರಿನಿಂದಲೇ ಪ್ರತಿ ಸಲ ಒಂದೇ ಅಚ್ಚಿನ ಪ್ರೊಫೈಲ್ ಇಳಿಸುವ ವ್ಯವಸ್ಥೆಯೂ ಇರುತ್ತದೆ. ಅಲ್ಲಿ ನೀವು ಏನು ಬದಲಾಯಿಸಿದರೂ ನಾಳೆಗೆ ಇರುವುದಿಲ್ಲ, ಸಿಸ್ಟಮ್ ನೋಡಿಕೊಳ್ಳುವವರಿಗೇ ಹೇಳಬೇಕು.

ನಮ್ಮ ಕಚೇರಿಯಲ್ಲಿ ಕಾರಣ ಒಂದಲ್ಲ, ಎರಡಿತ್ತು. ಮೊದಲನೆಯದು, ನಾನೂ ಇನ್ನೊಬ್ಬರೂ ಒಂದೇ ಅಕೌಂಟಿನಲ್ಲಿ ಕೂರುತ್ತಿದ್ದೆವು. ಎರಡನೆಯದು, ಮೌಸಿನ ಜೊತೆ ಬಂದಿದ್ದ ಒಂದು ಪ್ರೋಗ್ರಾಮು. ಕಂಪ್ಯೂಟರ್ ಎದ್ದ ಕೂಡಲೇ ಅದೂ ಏಳುತ್ತಿತ್ತು, ಅದರೊಳಗೆ ಬಟನ್ನಿಗೆ ತನ್ನದೇ ಬೇರೆ ಲೆಕ್ಕ ಇತ್ತು, ವಿಂಡೋಸಿನಲ್ಲಿ ನಾನು ಏನು ಆರಿಸಿದ್ದೇನೆ ಅಂತ ಅದು ಕೇಳುತ್ತಲೇ ಇರಲಿಲ್ಲ. ಕರೆಂಟು ಬಂದಾಗೆಲ್ಲ ಬಟನ್ ತಿರುಗುತ್ತಿದ್ದದ್ದು ಇದರಿಂದ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಅದನ್ನು ಬಂದ್ ಮಾಡಿ ನೋಡಿದೆ, ಬಟನ್ ಉಳಿಯಿತು. ಆಮೇಲೆ ಪ್ರೋಗ್ರಾಮನ್ನೇ ತೆಗೆದುಹಾಕಿದೆವು. ಎರಡು ಬಟನ್, ಒಂದು ಚಕ್ರ ಇರುವ ಮಾಮೂಲಿ ಮೌಸಿಗೆ ವಿಂಡೋಸಿನಲ್ಲೇ ಇರುವ ಡ್ರೈವರ್, ಅಂದರೆ ಮೌಸನ್ನು ನಡೆಸುವ ಪ್ರೋಗ್ರಾಮು, ಸಾಕು. ಜಾಸ್ತಿ ಬಟನ್ ಇರುವ ಮೌಸ್ ಆಗಿ ಆ ಪ್ರೋಗ್ರಾಮ್ ಬೇಕೇ ಬೇಕು ಅಂದರೆ ಅದರೊಳಗೇ ಎಡಗೈಗೆ ಹೊಂದಿಸಿ, ವಿಂಡೋಸಿನದ್ದನ್ನು ಹಾಗೇ ಬಿಡಿ. ಎರಡೂ ಕಡೆ ಬದಲಾಯಿಸಿದರೆ ಒಂದನ್ನೊಂದು ಹೊಡೆದುಹಾಕಿ ಬಟನ್ ಮತ್ತೆ ಬಲಗೈಗೇ ಬಂದು ನಿಲ್ಲಬಹುದು.

ಅಕೌಂಟ್ ಬೇರೆ ಮಾಡುವುದಕ್ಕೆ ಮಾತ್ರ ಸ್ವಲ್ಪ ಮಾತುಕತೆ ಬೇಕಾಯಿತು. ಮೇಲಿನವರು ಬೇಡ ಅಂದಿದ್ದಕ್ಕೆ ಕಾರಣ ಇತ್ತು. ಡೀಫಾಲ್ಟ್ ಪ್ರಿಂಟರ್ ಅಕೌಂಟಿಗೊಂದು ಇರುತ್ತದೆ, ಹೊಸ ಅಕೌಂಟಿನಲ್ಲಿ ಮತ್ತೆ ಹೇಳಿಕೊಡಬೇಕು. ನುಡಿ ಕೀಬೋರ್ಡ್ ಅಲ್ಲಿಯೂ ಶುರುವಾಗಬೇಕು. ಬಿಲ್ಲಿಂಗಿನ ಡೇಟಾ ಹಳೆಯ ಅಕೌಂಟಿನ ಡಾಕ್ಯುಮೆಂಟ್ಸ್ ಒಳಗೇ ಇದ್ದರೆ ಇನ್ನೊಬ್ಬರಿಗೆ ಅದು ತೆರೆಯುವುದಿಲ್ಲ, ಇಬ್ಬರಿಗೂ ಸಿಗುವ ಫೋಲ್ಡರಿಗೆ ತರಬೇಕು. ಇವೆಲ್ಲ ಒಂದು ಸಲದ ಕೆಲಸ. ನಾನು ಭಾನುವಾರ ಬಂದು ಮಾಡಿಕೊಡುತ್ತೇನೆ ಅಂದೆ, ಒಪ್ಪಿದರು. ಮಾಡಿದ ಮೇಲೆ ಮೌಸಿಗಿಂತ ದೊಡ್ಡ ಲಾಭ ಕಂಡಿದ್ದು ಅವರಿಗೇ. ಯಾವ ಬಿಲ್ಲು ಯಾರು ಇದ್ದಾಗ ಆಗಿದ್ದು ಅಂತ ಕೇಳುವುದು ಸುಲಭವಾಯಿತು.

ಕಾರವಾರದ ಮನೆ

ಅಣ್ಣನ ಮನೆ ಕಾರವಾರದಲ್ಲಿ. ದೇವಿಮನೆ ಘಾಟಿ ಇಳಿದು ಕುಮಟಾ, ಅಂಕೋಲಾ ದಾಟಿ ಹೋಗುವಷ್ಟರಲ್ಲಿ ಸೆಕೆಗೆ ಮೈಯೆಲ್ಲ ಅಂಟು. ಹೋಗಿ ಕೈಕಾಲು ತೊಳೆದು ಕೂತಿದ್ದೆ, ಒಳಕೋಣೆಯಿಂದ ಜಗಳ ಕೇಳಿತು. ಅಣ್ಣನ ಮಗಳು ಎಡಗೈಯವಳು, ನನ್ನ ಹಾಗೆಯೇ. ಅಲ್ಲಿ ಒಂದು ಡೆಸ್ಕ್‌ಟಾಪ್ ಇದೆ, ಅಣ್ಣ, ಅತ್ತಿಗೆ, ಅವಳು ಮೂವರೂ ಉಪಯೋಗಿಸುತ್ತಾರೆ. ಒಂದೇ ಅಕೌಂಟು, ಪಾಸ್‌ವರ್ಡ್ ಕೂಡ ಇಲ್ಲ. ಅವಳು ಎಡಕ್ಕೆ ಮಾಡುತ್ತಾಳೆ, ಅಣ್ಣ ಬಂದು ಬಲಕ್ಕೆ ಮಾಡುತ್ತಾನೆ, ಇದು ಮನೆಯಲ್ಲಿ ದಿನದ ಗಲಾಟೆ. "ಎಂತಕ್ಕೆ ಹಠ ಮಾಡ್ತೆ, ಬಲಗೈಲೇ ಹಿಡಿ" ಅಂತ ಅಣ್ಣ. "ನಾ ಎಂತಕ್ಕೆ ಹಿಡಿಯವು" ಅಂತ ಅವಳು. ಅತ್ತಿಗೆ ನನ್ನ ಮುಖ ನೋಡಿದಳು.

ನಾನು ಅಣ್ಣನಿಗೆ ಏನೂ ಹೇಳಲಿಲ್ಲ. ಊಟ ಆದ ಮೇಲೆ ಕೂತು ಮೂರು ಅಕೌಂಟ್ ಮಾಡಿದೆ. ಅವಳದಕ್ಕೆ ಅವಳೇ ಪಿನ್ ಹಾಕಿಕೊಂಡಳು, ಬಟನ್ ಬದಲಾಯಿಸಿಕೊಂಡಳು. ಬಾಣದ ಗುರುತಿನ ಮೂಗು ಬಲಕ್ಕೆ ಇರಬೇಕು ಅಂತ ಅವಳಿಗೆ ಆಸೆ. ಎಡಗೈಯವರಿಗಾಗಿ ತಿರುಗಿಸಿದ ಬಾಣದ ಗುರುತುಗಳನ್ನು ಮೈಕ್ರೋಸಾಫ್ಟ್ ಹಿಂದೆ ಬಿಡುಗಡೆ ಮಾಡಿತ್ತು, ಮೌಸಿನ ಹಳೆಯ ಕಿಟಕಿಯಲ್ಲಿ ಪಾಯಿಂಟರ್ಸ್ ಅನ್ನುವ ಕಡೆ ಅಂಥವನ್ನು ಹಾಕಿಕೊಳ್ಳಬಹುದು, ಅದನ್ನೂ ತೋರಿಸಿದೆ. ರಾತ್ರಿ ಅಣ್ಣ ತನ್ನ ಅಕೌಂಟಿನಲ್ಲಿ ಕೂತ. ಬಟನ್ ಬಲಕ್ಕೆ ಇತ್ತು. ಎದ್ದು ಹೋಗಿ ಅವಳು ಕೂತಳು, ಎಡಕ್ಕೆ ಇತ್ತು. ಅಣ್ಣ ಸ್ವಲ್ಪ ಹೊತ್ತು ಹಿಂದೆ ನಿಂತು ನೋಡಿದ. "ಇದು ಮೊದಲೇ ಇತ್ತಾ?" ಅಂತ ಕೇಳಿದ. ಇತ್ತು ಅಂದೆ.

ಅವಳ ಶಾಲೆಯ ಲ್ಯಾಬಿನದ್ದು ಇಷ್ಟು ಸುಲಭದಲ್ಲಿ ಬಗೆಹರಿಯಲಿಲ್ಲ. ಅಲ್ಲಿ ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಮೊದಲಿದ್ದ ಹಾಗೆ ಆಗುವ ಸಾಫ್ಟ್‌ವೇರ್ ಹಾಕಿದ್ದಾರೆ. ಮಕ್ಕಳು ಏನೇ ಮಾಡಿದರೂ ಕಂಪ್ಯೂಟರ್ ಕೆಡಬಾರದು ಅಂತ ಹಾಕುವಂಥದ್ದು, ಲ್ಯಾಬ್ ನೋಡಿಕೊಳ್ಳುವವರಿಗೆ ಅದಿಲ್ಲದೆ ಆಗುವುದಿಲ್ಲ. ಅದಕ್ಕೆ ವೈರಸ್ಸೂ ಒಂದೇ, ಎಡಗೈಯ ಮೌಸೂ ಒಂದೇ, ಎರಡನ್ನೂ ಒರೆಸುತ್ತದೆ. ಇಂಥ ಕಡೆ ಎರಡು ದಾರಿ. ಒಂದು, ಲ್ಯಾಬಿನ ಅಕ್ಕೋರ ಹತ್ತಿರ ಕೇಳಿ ಒಂದು ಕಂಪ್ಯೂಟರಿನ ಬೀಗ ಸ್ವಲ್ಪ ಹೊತ್ತು ತೆಗೆಸಿ, ಎಡಗೈಗೆ ಹೊಂದಿಸಿದ ಒಂದು ಅಕೌಂಟ್ ಮಾಡಿಸಿ, ಮತ್ತೆ ಬೀಗ ಹಾಕಿಸುವುದು. ಆಗ ಆ ಅಕೌಂಟೂ ಮೊದಲಿದ್ದ ಸ್ಥಿತಿಯ ಭಾಗವೇ ಆಗುತ್ತದೆ, ಪ್ರತಿ ಸಲ ಅದೂ ವಾಪಸ್ ಬರುತ್ತದೆ. ಜಗತ್ತಿನಲ್ಲಿ ಹತ್ತರಲ್ಲಿ ಒಬ್ಬರು ಎಡಗೈಯವರು ಅನ್ನುತ್ತಾರೆ. ಹಾಗಿದ್ದರೆ ಸಾಧಾರಣ ಒಂದು ತರಗತಿಯಲ್ಲಿ ಅಂಥ ಮಕ್ಕಳು ಮೂರೋ ನಾಲ್ಕೋ ಇರುತ್ತಾರೆ, ಅವಳೊಬ್ಬಳಿಗಾಗಿ ಮಾಡಿಸುವ ಕೆಲಸ ಅಲ್ಲ ಅದು.

ಇನ್ನೊಂದು ದಾರಿ ಮೌಸಿನದ್ದೇ. ಕೆಲವು ಮೌಸುಗಳ ಒಳಗೆ ಸಣ್ಣ ಮೆಮೊರಿ ಇರುತ್ತದೆ. ಮನೆಯಲ್ಲಿ ಒಂದು ಸಲ ಅದರ ಪ್ರೋಗ್ರಾಮಿನಲ್ಲಿ ಬಟನ್ ಬದಲಾಯಿಸಿ ಮೌಸಿನೊಳಗೇ ಉಳಿಸಿದರೆ ಸಾಕು, ಆಮೇಲೆ ಯಾವ ಕಂಪ್ಯೂಟರಿಗೆ ಚುಚ್ಚಿದರೂ ಅದು ಎಡಗೈಯ ಮೌಸು. ಲಾಗಿನ್ ಪರದೆಯಲ್ಲೂ ಹಾಗೆಯೇ. ಖರೀದಿ ಮಾಡುವಾಗ ಮೆಮೊರಿ ಮೌಸಿನೊಳಗೆ ಇದೆಯಾ, ಇಲ್ಲ ಎಲ್ಲ ಪ್ರೋಗ್ರಾಮಿನಲ್ಲೇ ಇದೆಯಾ ಅಂತ ವಿಚಾರಿಸಬೇಕು. ಹೊರಗಿನ ಮೌಸ್ ತರಬಹುದಾ ಅಂತ ಶಾಲೆಯಲ್ಲೂ ಕೇಳಬೇಕು. ಅವಳಿಗೆ ಈಗ ಅಂಥದ್ದೊಂದು ಇದೆ. ಮನೆಗೆ ತಂದು ಚುಚ್ಚಿದಾಗ ಮಾತ್ರ ಅವಳ ವಿಂಡೋಸ್ ಸೆಟ್ಟಿಂಗನ್ನು ಬಲಗೈಗೆ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮೌಸೂ ತಿರುಗಿಸಿ, ವಿಂಡೋಸೂ ತಿರುಗಿಸಿ, ಬಟನ್ ಇದ್ದಲ್ಲಿಗೇ ಬರುತ್ತದೆ.

ಎರಡು ಕೈ

ಅಂಗಡಿಯಲ್ಲಿ ಮೌಸ್ ಕೇಳುವಾಗ ಒಂದು ಮಾತು. ದುಬಾರಿ ಮೌಸು, ಕೈಗೆ ಆರಾಮ ಅಂತ ಹೇಳಿ ಕೊಡುವಂಥದ್ದು, ಹೆಚ್ಚಿನವು ಬಲಗೈಯ ಆಕಾರಕ್ಕೆ ಬಾಗಿರುತ್ತವೆ. ಹೆಬ್ಬೆರಳಿನ ಬಟನ್ನುಗಳು ಎಡಗಡೆ ಇರುತ್ತವೆ, ಎಡಗೈಯಲ್ಲಿ ಹಿಡಿದರೆ ಅವು ಕಿರುಬೆರಳಿನ ಕಡೆ ಹೋಗುತ್ತವೆ. ಎಡಗೈಗೆಂದೇ ಮಾಡಿದವು ಇಲ್ಲಿನ ಅಂಗಡಿಗಳಲ್ಲಿ ನನಗೆ ಸಿಕ್ಕಿಲ್ಲ. ಎರಡೂ ಕಡೆ ಒಂದೇ ಥರ ಇರುವ, ಸಾದಾ, ವೈರಿನ ಮೌಸು ಎಲ್ಲಕ್ಕಿಂತ ಒಳ್ಳೆಯದು. ಅದು ಅಗ್ಗವೂ ಹೌದು. ವೈರು ಉದ್ದ ಇರಬೇಕು, ಇದನ್ನು ಮರೆಯಬೇಡಿ.

ಮೌಸು ಹುಟ್ಟಿದಾಗ ಬಲ ಎಡ ಅಂತ ಇರಲೇ ಇಲ್ಲ. ಅಮೆರಿಕದ ಇಂಜಿನಿಯರ್ ಡಗ್ಲಾಸ್ ಎಂಗೆಲ್‌ಬಾರ್ಟ್ ಯೋಚನೆಯನ್ನು ಬಿಲ್ ಇಂಗ್ಲಿಷ್ ಅನ್ನುವವರು 1964ರಲ್ಲಿ ಮರದ ಡಬ್ಬಿಯಲ್ಲಿ ಮಾಡಿ ತೋರಿಸಿದಾಗ ಅದಕ್ಕಿದ್ದದ್ದು ಒಂದೇ ಬಟನ್. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಗೆಲ್‌ಬಾರ್ಟ್ ಅದನ್ನು ಜನರ ಎದುರಿಗೆ ಇಟ್ಟಾಗ ಬಟನ್ ಮೂರಾಗಿದ್ದವು, ಮೌಸು ಬಲಗೈಯಲ್ಲಿತ್ತು. ಆದರೆ ನನಗೆ ಇಷ್ಟವಾದದ್ದು ಅವರ ಎಡಗೈ. ಅದರ ಕೆಳಗೆ ಐದು ಕೀಲಿಗಳ ಪುಟ್ಟ ಸಾಧನ ಇತ್ತು, ಬೆರಳುಗಳನ್ನು ಒಟ್ಟೊಟ್ಟಿಗೆ ಒತ್ತಿ ಅದರಿಂದಲೇ ಅಕ್ಷರ ಬರೆಯಬಹುದಿತ್ತು. ಎರಡು ಕೈಗೂ ಸಮಾನ ಕೆಲಸ ಕೊಟ್ಟ ಯೋಚನೆ ಅದು. ಮುಂದೆ ಆ ಕೀಲಿಗಳು ಮರೆಗೆ ಸರಿದವು, ಮೌಸು ಮಾತ್ರ ಉಳಿಯಿತು. 1983ರಲ್ಲಿ ಆಪಲ್‌ನ ಲೀಸಾ ಕಂಪ್ಯೂಟರಿನ ಜೊತೆ ಒಂದು ಬಟನ್ನಿನ ಮೌಸು ಬಂತು, ಅದೇ ವರ್ಷ ಮೈಕ್ರೋಸಾಫ್ಟಿನದು ಎರಡು ಬಟನ್ನಿಂದು. ಒಂದು ಬಟನ್ ಇದ್ದಾಗ ಯಾವ ಕೈ ಅನ್ನುವ ಪ್ರಶ್ನೆಯೇ ಏಳುವುದಿಲ್ಲ, ಎರಡಾದ ಕೂಡಲೇ ಏಳುತ್ತದೆ. ವಿಂಡೋಸ್ 3.1ರ ಕಂಟ್ರೋಲ್ ಪ್ಯಾನೆಲ್ಲಿನಲ್ಲೇ ಬಟನ್ ಅದಲುಬದಲು ಮಾಡುವ ಆಯ್ಕೆ ಇತ್ತು. ಅಂದರೆ ಬದಲಾಯಿಸುವ ಅವಕಾಶ ಮೊದಲಿಂದ ಇದೆ. ಬದಲಾಯಿಸಿದ್ದು ಉಳಿಯಬೇಕು ಅನ್ನುವ ಕಡೆಗೆ ಅಷ್ಟು ಗಮನ ಹೋಗಿಲ್ಲ ಅನ್ನುವುದು ನನ್ನ ಅನುಭವ.

ನನ್ನ ಮನೆಯ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಇದೆ. ಅದರ ಮೌಸ್ ಸೆಟ್ಟಿಂಗಿನಲ್ಲಿ ಲೆಫ್ಟ್ ಹ್ಯಾಂಡೆಡ್ ಅಂತ ಒತ್ತಿದರೆ ನನ್ನ ಅಕೌಂಟಿಗೆ ಅದು ಉಳಿಯುತ್ತದೆ, ತೊಂದರೆಯಿಲ್ಲ. ಲಿನಕ್ಸಿನಲ್ಲಿ ಬಟನ್ ತಿರುಗಿ ಹೋಗುವುದು ಹೆಚ್ಚಾಗಿ ಎಕ್ಸ್‌ಇನ್‌ಪುಟ್ ಅನ್ನುವ ಆಜ್ಞೆಯನ್ನು ಟೈಪ್ ಮಾಡಿ ಬದಲಾಯಿಸಿದವರಿಗೆ. 1 2 3 ಇದ್ದದ್ದನ್ನು 3 2 1 ಮಾಡುತ್ತಾರೆ, ಆ ಕ್ಷಣಕ್ಕೆ ಸರಿಯಾಗುತ್ತದೆ. ಆದರೆ ಆ ಆಜ್ಞೆ ಹೋಗುವುದು ಆಗ ಚುಚ್ಚಿಕೊಂಡಿರುವ ಸಾಧನಕ್ಕೆ. ಮೌಸನ್ನು ಎಳೆದು ಮತ್ತೆ ಚುಚ್ಚಿದರೆ, ಲಾಗ್‌ಔಟ್ ಆಗಿ ಬಂದರೆ, ಅದು ಹೋಯಿತು. ಅಂಥವರು ಲಿನಕ್ಸಿನಲ್ಲಿ ಪರದೆ, ಮೌಸ್ ನೋಡಿಕೊಳ್ಳುವ ಎಕ್ಸ್‌ಆರ್ಗ್‌ನ ಕಾನ್ಫಿಗರೇಶನ್ ಫೋಲ್ಡರಿನಲ್ಲಿ ಒಂದು ಸಣ್ಣ ಫೈಲು ಮಾಡಿ, ಆ ಮೌಸಿನ ಹೆಸರು ಹೇಳಿ, ಲೆಫ್ಟ್‌ಹ್ಯಾಂಡೆಡ್ ಆನ್ ಅಂತ ಬರೆದರೆ ಲಾಗಿನ್ ಪರದೆಯಿಂದಲೇ ಎಡಕ್ಕೆ ಇರುತ್ತದೆ. ಎಕ್ಸ್‌ಆರ್ಗ್ ಬದಲು ವೇಲ್ಯಾಂಡ್ ಅನ್ನುವ ಹೊಸ ವ್ಯವಸ್ಥೆ ಇರುವ ಕಡೆ ಈ ದಾರಿ ನಡೆಯುವುದಿಲ್ಲ, ಡೆಸ್ಕ್‌ಟಾಪಿನದೇ ಸೆಟ್ಟಿಂಗ್ ಉಪಯೋಗಿಸಬೇಕು.

ಆ ಫೈಲಿನಲ್ಲಿ ಮೌಸಿನ ಹೆಸರು ಹೇಳಬಹುದು ಅಂದೆನಲ್ಲ, ನನಗೆ ವಿಂಡೋಸಿನಲ್ಲಿ ಬೇಕಾಗಿರುವುದು ಅದೇ. ಕೌಂಟರಿನಲ್ಲಿ ರಶ್ ಇದ್ದಾಗ ನನ್ನ ಸಹೋದ್ಯೋಗಿ ಪಕ್ಕದಿಂದ ಬಾಗಿ ಒಂದು ಸಾಲು ತಿದ್ದಿ ಹೋಗುತ್ತಾರೆ. ಆಗ ಅಕೌಂಟ್ ಬದಲಾಯಿಸುತ್ತಾ ಕೂರಲು ಆಗುವುದಿಲ್ಲ, ಎದುರಿಗೆ ಜನ ನಿಂತಿರುತ್ತಾರೆ. ಕೀಬೋರ್ಡಿನ ಎರಡೂ ಕಡೆ ಒಂದೊಂದು ಮೌಸ್ ಚುಚ್ಚಿಡಬಹುದು, ವಿಂಡೋಸ್ ಎರಡನ್ನೂ ಒಪ್ಪುತ್ತದೆ, ಎರಡರಿಂದಲೂ ಒಂದೇ ಬಾಣ ಓಡಾಡುತ್ತದೆ. ಆದರೆ ಬಟನ್ ಬದಲಾಯಿಸಿದರೆ ಎರಡಕ್ಕೂ ಒಟ್ಟಿಗೇ ಬದಲಾಗುತ್ತದೆ. ಎಡಗಡೆಯ ಮೌಸು ಎಡಗೈಗೆ, ಬಲಗಡೆಯದು ಬಲಗೈಗೆ ಅಂತ ಹೇಳುವುದಕ್ಕೆ ಅದರ ಸೆಟ್ಟಿಂಗಿನಲ್ಲಿ ಜಾಗ ಇಲ್ಲ. ಹಾಗಾಗಿ ಸದ್ಯಕ್ಕೆ ನಾನು ನನ್ನ ಅಕೌಂಟನ್ನು ಬಲಗೈಗೇ ಬಿಟ್ಟು, ಅಣ್ಣನ ಮಗಳ ಹತ್ತಿರ ಇರುವಂಥದ್ದೇ ಮೆಮೊರಿ ಇರುವ ಮೌಸನ್ನು ಎಡಕ್ಕೆ, ಕಚೇರಿಯ ಹಳೆಯ ಮೌಸನ್ನು ಬಲಕ್ಕೆ ಇಟ್ಟಿದ್ದೇನೆ. ನಮ್ಮಿಬ್ಬರ ಕೆಲಸವೂ ನಡೆಯುತ್ತಿದೆ. ಆದರೆ ಇದಕ್ಕೆ ದುಡ್ಡು ಕೊಟ್ಟು ಬೇರೆ ಮೌಸ್ ತರಬೇಕಾಯಿತು, ಎಲ್ಲರಿಗೂ ಅದು ಆಗುವುದಿಲ್ಲ. ಒಂದೊಂದು ಮೌಸಿಗೂ ಅದರದೇ ಕೈ ಯಾವುದು ಅಂತ ವಿಂಡೋಸಿನಲ್ಲೇ ಕೇಳಬೇಕು.